ವೃತ್ತವನ್ನು ಮೂಲೆಯಿಂದ ಎಳೆಯಬೇಕೋ, ಕೇಂದ್ರದಿಂದಲೋ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಪ್ರೌಢಶಾಲೆಯ ಮಕ್ಕಳಿಗಾಗಿ ಬ್ರೌಸರ್‌ನಲ್ಲೇ ಓಡುವ, ಕನ್ನಡದ ಮೆನುಗಳಿರುವ ಚಿತ್ರ ಬಿಡಿಸುವ ತಂತ್ರಾಂಶವೊಂದನ್ನು ನೀವು ಬರೆಯುತ್ತಿದ್ದೀರಿ. ಆಯತ, ವೃತ್ತ, ಬಹುಭುಜಗಳನ್ನು ಮೌಸ್‌ನಿಂದ ಎಳೆದು ಬಿಡಿಸುವಾಗ ಕರ್ಸರ್ ಎಲ್ಲಿದೆ ಎಂಬುದು ಆಕೃತಿಯನ್ನು ಹೇಗೆ ನಿರ್ಧರಿಸಬೇಕು, ವೃತ್ತವನ್ನು ಮೂಲೆಯಿಂದ ಎಳೆಯುವುದು ಸರಿಯೋ ಕೇಂದ್ರದಿಂದ ಎಳೆಯುವುದೋ ಎಂದು ಕೇಳಿದ್ದೀರಿ.

ನಾನು ತುಮಕೂರಿನಲ್ಲಿ ನಾಮಫಲಕ ಮತ್ತು ಲೇಸರ್ ಕಟಿಂಗ್ ಕೆಲಸಗಳಿಗೆ ಡ್ರಾಯಿಂಗ್ ಮಾಡುತ್ತೇನೆ. ಅಂಗಡಿಯ ಬೋರ್ಡು, ದೇವರಮನೆಯ ಬಾಗಿಲಿಗೆ ಕೂರಿಸುವ ಜಾಲಿ, ಗೇಟಿನ ಮೇಲಿನ ಮನೆಹೆಸರು, ಶಿವರಾತ್ರಿ ಹತ್ತಿರವಾದರೆ ಸಿದ್ಧಗಂಗೆ ಜಾತ್ರೆಯ ಸ್ವಾಗತ ಕಮಾನಿನ ಫ್ಲೆಕ್ಸು. ಬೆಳಗಿನಿಂದ ಸಂಜೆಯವರೆಗೆ ಕೈ ಮಾಡುವುದು ಒತ್ತುವ, ಎಳೆಯುವ, ಬಿಡುವ ಕೆಲಸವನ್ನೇ. ಅಂಗಡಿಯ ಬಳಕೆಗೆ ಸಣ್ಣಪುಟ್ಟ ಉಪಕರಣಗಳನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದುಕೊಂಡಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ.

ಮೊದಲು ನಿಯಮವನ್ನು ಹೇಳಿಬಿಡುತ್ತೇನೆ. ಬಿಡಿಸುವವರು ಒತ್ತಿದ ಬಿಂದು ಕದಲಬಾರದು, ಎಳೆಯುತ್ತಿರುವಷ್ಟು ಹೊತ್ತೂ ಆಕೃತಿಯ ಕಾಣುವ ಅಂಚು ಕರ್ಸರ್‌ನ ಕೆಳಗೇ ಇರಬೇಕು. ಕಣ್ಣು ಕರ್ಸರನ್ನು ನೋಡುತ್ತಿರುತ್ತದೆ, ಕೈ ಅದನ್ನು ನಡೆಸುತ್ತಿರುತ್ತದೆ. ಗೆರೆ ಅಲ್ಲೇ ಇದ್ದರೆ ಕೈ ತಾನಾಗಿಯೇ ತಿದ್ದಿಕೊಳ್ಳುತ್ತದೆ. ಗೆರೆ ಬೇರೆಲ್ಲೋ ಇದ್ದರೆ ಕಣ್ಣು ಎರಡು ಕಡೆ ಓಡಾಡಬೇಕು, ಕೈ ಅಂದಾಜಿನ ಮೇಲೆ ನಡೆಯಬೇಕು.

ಈ ನಿಯಮವನ್ನು ವೃತ್ತದ ಮೇಲಿಟ್ಟು ನೋಡಿ. ಬಹುಪಾಲು ತಂತ್ರಾಂಶಗಳಲ್ಲಿ ವೃತ್ತ ಬಿಡಿಸುವುದೆಂದರೆ ಅದನ್ನು ಸುತ್ತುವರಿದ, ಕಣ್ಣಿಗೆ ಕಾಣದ ಚೌಕವನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆಯುವುದು. ಆದರೆ ಚೌಕದ ಮೂಲೆಯಲ್ಲಿ ವೃತ್ತವಿರುವುದಿಲ್ಲ. ತ್ರಿಜ್ಯ 100 ಮಿ.ಮೀ. ಇದ್ದರೆ ಕೇಂದ್ರದಿಂದ ಮೂಲೆಗೆ ಸುಮಾರು 141 ಮಿ.ಮೀ., ಅಂದರೆ ಕರ್ಸರ್ ವೃತ್ತದ ಗೆರೆಯಿಂದ 41 ಮಿ.ಮೀ. ಹೊರಗೆ ತೇಲುತ್ತಿರುತ್ತದೆ. ಮೊದಲು ಒತ್ತಿದ ಬಿಂದುವೂ ಅಷ್ಟೇ ಹೊರಗೆ. ಒತ್ತಿದಲ್ಲಿ ಏನೂ ಇಲ್ಲ, ಬಿಟ್ಟಲ್ಲಿಯೂ ಏನೂ ಇಲ್ಲ. ವೃತ್ತ ದೊಡ್ಡದಾದಂತೆ ಈ ಅಂತರವೂ ಹಿಗ್ಗುತ್ತದೆ, ಅದನ್ನು ಒಂದು ಅಳತೆಯಾಗಿ ಕೈಗೆ ರೂಢಿ ಮಾಡಿಕೊಳ್ಳಲೂ ಆಗುವುದಿಲ್ಲ. ನಮ್ಮಲ್ಲಿ ಕೆಲಸ ಕಲಿಯಲು ಬಂದ ಹುಡುಗಿ ಮೊದಲ ದಿನ ಜಾಲಿಯ ಚೌಕಟ್ಟಿಗೆ ತಾಗುವಂತೆ ಒಂದು ಚಕ್ರ ಬಿಡಿಸಲು ಹೋಗಿ, "ಅಕ್ಕಾ, ನಾನು ಚೌಕಟ್ಟಿನ ಮೇಲೆಯೇ ಒತ್ತಿದ್ದೆ, ವೃತ್ತ ಮಾತ್ರ ಅಲ್ಲಿಗೆ ಬರಲೇ ಇಲ್ಲ" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ತಂತ್ರಾಂಶವೇ ಅವಳು ತೋರಿಸಿದ ಜಾಗವನ್ನು ಬಿಟ್ಟು ಇನ್ನೊಂದನ್ನು ಹಿಡಿದಿತ್ತು.

ನಿಮ್ಮ ಬಳಕೆದಾರರು ಪ್ರೌಢಶಾಲೆಯ ಮಕ್ಕಳು. ಅವರ ಕೈಗೆ ಜಾಮಿತಿ ಪೆಟ್ಟಿಗೆಯ ಕೈವಾರ ಗೊತ್ತು. ಮುಳ್ಳನ್ನು ಕೇಂದ್ರದಲ್ಲಿ ಊರಿ, ಪೆನ್ಸಿಲ್ಲನ್ನು ತ್ರಿಜ್ಯದಷ್ಟು ದೂರಕ್ಕೆ ತೆರೆಯುತ್ತಾರೆ, ಪೆನ್ಸಿಲ್ ಇದ್ದಲ್ಲೇ ಗೆರೆ ಮೂಡುತ್ತದೆ. ಕೇಂದ್ರದಿಂದ ಎಳೆದರೆ ಇದೇ ಆಗುತ್ತದೆ: ಒತ್ತಿದ್ದು ಕೇಂದ್ರ, ಕರ್ಸರ್ ಪರಿಧಿಯ ಮೇಲೆ, ನಡುವಿನ ದೂರವೇ ತ್ರಿಜ್ಯ. ಗಣಿತದ ಪಾಠಕ್ಕೂ ಕೈಯ ಚಲನೆಗೂ ಜಗಳವಿರುವುದಿಲ್ಲ. ಆದ್ದರಿಂದ ನನ್ನ ನೇರ ಉತ್ತರ: ವೃತ್ತವನ್ನು ಕೇಂದ್ರದಿಂದಲೇ ಎಳೆಯಲಿ, ಅದೇ ಮೂಲ ವಿಧಾನವಾಗಲಿ. ನಮ್ಮ ಕೆಲಸದಲ್ಲೂ ಅದೇ ಸಲೀಸು. ಜಾಲಿಯ ನಡುವಿನ ಪದ್ಮಕ್ಕೆ ಒಂದೇ ಕೇಂದ್ರದ ಐದಾರು ವೃತ್ತಗಳು ಬೇಕು, ಬೋಲ್ಟ್ ಕೂರಿಸುವ ತೂತುಗಳಿಗೆ ಗೊತ್ತಿರುವುದು ಕೇಂದ್ರದ ಜಾಗ ಮಾತ್ರ. ಮೂಲೆಯಿಂದ ಎಳೆದು ಆಮೇಲೆ ಒಂದೊಂದನ್ನೂ ನಡುವಿಗೆ ಹೊಂದಿಸುವುದು ದಂಡದ ಕೆಲಸ.

ಮೂಲೆಯ ವಿಧಾನಕ್ಕೂ ಒಂದು ಜಾಗವಿದೆ. ಪೋಸ್ಟರ್‌ನಲ್ಲಿ ಇಷ್ಟು ಅಗಲ, ಇಷ್ಟು ಎತ್ತರದ ಖಾಲಿ ಜಾಗವಿದ್ದು ಅದರ ತುಂಬ ಒಂದು ದೀರ್ಘವೃತ್ತ ಕೂರಬೇಕಿದ್ದರೆ, ಬಿಡಿಸುವವರ ಮನಸ್ಸಿನಲ್ಲಿರುವುದು ಆ ಜಾಗದ ಮೂಲೆಗಳೇ ಹೊರತು ಕೇಂದ್ರವಲ್ಲ. ದೀರ್ಘವೃತ್ತಕ್ಕೆ ಮೂಲೆ, ವೃತ್ತಕ್ಕೆ ಕೇಂದ್ರ ಎಂದು ಎರಡು ಬೇರೆ ಉಪಕರಣಗಳನ್ನು ಇಟ್ಟುಬಿಡಿ. ಮೂಲೆಯಿಂದ ಎಳೆಯುವಾಗ ಸುತ್ತಲಿನ ಆಯತವನ್ನು ತೆಳುವಾದ ಚುಕ್ಕೆಗೆರೆಯಲ್ಲಿ ತೋರಿಸಿ. ಆಗ ಕರ್ಸರ್‌ನ ಕೆಳಗೆ ಕಾಣುವ ಅಂಚೊಂದು ಇದ್ದೇ ಇರುತ್ತದೆ, ನಿಯಮವೂ ಉಳಿಯುತ್ತದೆ. ತಾಂತ್ರಿಕ ನಕ್ಷೆ ಬಿಡಿಸುವ ಆಟೋಕ್ಯಾಡ್ ತಂತ್ರಾಂಶದಲ್ಲಿ ವೃತ್ತಕ್ಕೆ ಇನ್ನೂ ದಾರಿಗಳಿವೆ: ವ್ಯಾಸದ ಎರಡು ತುದಿಗಳನ್ನು ತೋರಿಸುವುದು, ಪರಿಧಿಯ ಮೂರು ಬಿಂದುಗಳನ್ನು ತೋರಿಸುವುದು, ಎರಡು ಗೆರೆಗಳಿಗೆ ಸ್ಪರ್ಶವಾಗುವಂತೆ ತ್ರಿಜ್ಯ ಕೊಡುವುದು. ಒಂದೇ ಸರಳರೇಖೆಯಲ್ಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ವೃತ್ತ ಹಾಯುತ್ತದೆ ಎಂಬ ಪಾಠವನ್ನು ಮಕ್ಕಳು ಕೈಯಾರೆ ನೋಡಲು ಅದು ಚೆನ್ನ, ಮುಂದೆ ಎಂದಾದರೂ ಸೇರಿಸಿ.

ಇದೆಲ್ಲ ಹೊಸ ಚಿಂತೆಯಲ್ಲ ಎಂಬುದು ನನಗೆ ಬಹಳ ಇಷ್ಟದ ಸಂಗತಿ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ತಮ್ಮ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಟಿಎಕ್ಸ್-2 ಎಂಬ ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಪೆನ್ನು ಹಿಡಿದು ಬಿಡಿಸಬೇಕಿತ್ತು. ಗೆರೆಯ ಒಂದು ತುದಿ ಇಟ್ಟಲ್ಲೇ ನಿಲ್ಲುತ್ತಿತ್ತು, ಇನ್ನೊಂದು ತುದಿ ಪೆನ್ನಿನ ಹಿಂದೆಯೇ ಬರುತ್ತಿತ್ತು. ಪೆನ್ನು ಈಗಾಗಲೇ ಇರುವ ಬಿಂದುವಿನ ಹತ್ತಿರ ಬಂದರೆ ತುದಿ ಆ ಬಿಂದುವಿನ ಮೇಲೆಯೇ ನಿಖರವಾಗಿ ಕೂರುತ್ತಿತ್ತು. ವೃತ್ತಕ್ಕೆ ಅವರು ಮಾಡಿದ ಏರ್ಪಾಡನ್ನು ಗಮನಿಸಿ: ಪೆನ್ನನ್ನು ಕೇಂದ್ರದಲ್ಲಿಟ್ಟು ಒಂದು ಗುಂಡಿ ಒತ್ತಬೇಕು. ಆಮೇಲೆ ಪರಿಧಿಯ ಮೇಲಿನ ಒಂದು ಬಿಂದುವನ್ನು ಆರಿಸಿ ಇನ್ನೊಂದು ಗುಂಡಿ ಒತ್ತಿದರೆ ತ್ರಿಜ್ಯ ಖಾಯಂ. ಅಲ್ಲಿಂದ ಮುಂದೆ ಪೆನ್ನು ಎತ್ತ ಹೋದರೂ ಕಂಸದ, ಅಂದರೆ ಮೂಡುವ ಪರಿಧಿಯ ತುಂಡಿನ, ಉದ್ದ ಮಾತ್ರ ಬದಲಾಗುತ್ತದೆ, ತ್ರಿಜ್ಯ ಅಲುಗುವುದಿಲ್ಲ. ಕೈ ನಡುಗಿದರೂ ಕಂಸ ಕೆಡುವುದಿಲ್ಲ. ಒಂದು ಹಂತದಲ್ಲಿ ಕರ್ಸರ್ ಒಂದೇ ವಿಷಯವನ್ನು ನಿರ್ಧರಿಸಲಿ ಎಂಬ ಈ ಎಚ್ಚರಿಕೆಯನ್ನು ನಿಮ್ಮ ಕಂಸದ ಉಪಕರಣದಲ್ಲಿ ಹಾಗೆಯೇ ತೆಗೆದುಕೊಳ್ಳಿ.

ಆಯತದಲ್ಲಿ ತೊಡಕಿಲ್ಲ. ಮೂಲೆಯಿಂದ ಎಳೆದರೆ ಕರ್ಸರ್ ಎದುರು ಮೂಲೆಯ ಮೇಲೆಯೇ ಇರುತ್ತದೆ. ತೊಡಕು ಬರುವುದು ಆಯತವನ್ನು ಚೌಕವಾಗಿ ಬಂಧಿಸಿದಾಗ. ಶಿಫ್ಟ್ ಒತ್ತಿಕೊಂಡು ಎಳೆಯುತ್ತಿದ್ದಾರೆ, ಕರ್ಸರ್ ಅಡ್ಡಕ್ಕೆ 100, ಕೆಳಕ್ಕೆ 60 ಸಾಗಿದೆ ಎಂದುಕೊಳ್ಳಿ. ಚೌಕದ ಬಾಹು ಎಷ್ಟಾಗಬೇಕು? ದೊಡ್ಡದನ್ನು ಹಿಡಿದರೆ 100, ಚಿಕ್ಕದನ್ನು ಹಿಡಿದರೆ 60, ಕರ್ಸರ್‌ನಿಂದ ಕರ್ಣದ ಮೇಲೆ ಲಂಬ ಇಳಿಸಿದರೆ 80. ಕಾಗದದ ಮೇಲೆ ನೋಡಿದರೆ ಮೂರನೆಯದೇ ಜಾಣತನದ್ದು, ಏಕೆಂದರೆ ಚೌಕದ ಮೂಲೆ ಕರ್ಸರ್‌ಗೆ ಅತಿ ಹತ್ತಿರ ಬರುವುದು ಅಲ್ಲಿಯೇ, ಸುಮಾರು 28ರಷ್ಟು ದೂರದಲ್ಲಿ. ಉಳಿದೆರಡರಲ್ಲಿ ಆ ದೂರ 40. ಆದರೂ ನಾನು 100ನ್ನೇ ಆರಿಸುತ್ತೇನೆ. ಮೂರನ್ನೂ ಬಿಡಿಸಿ ನೋಡಿದರೆ ಕಾರಣ ಕಾಣುತ್ತದೆ. ಬಾಹು 100 ಆದಾಗ ಕರ್ಸರ್ ಚೌಕದ ಬಲ ಅಂಚಿನ ಮೇಲೆಯೇ, ಮೇಲಿನಿಂದ 60ರಷ್ಟು ಕೆಳಗೆ ಕೂತಿರುತ್ತದೆ. 80 ಆದಾಗಲೂ 60 ಆದಾಗಲೂ ಅದು ಚೌಕದಿಂದ ಹೊರಗೆ, ಯಾವ ಗೆರೆಗೂ ತಾಗದೆ ನಿಂತಿರುತ್ತದೆ. ಮೂಲೆ ತಪ್ಪಿದರೂ ಅಂಚಾದರೂ ಕೈಯಲ್ಲಿ ಉಳಿಯುವುದು ದೊಡ್ಡದನ್ನು ಹಿಡಿದಾಗ ಮಾತ್ರ. ಪಕ್ಕದಲ್ಲಿ ಒಂದು ಮಾರ್ಗಸೂಚಿ ಗೆರೆ ಇದ್ದರೆ ಚೌಕದ ಅಂಚನ್ನು ಅದಕ್ಕೆ ತಾಗಿಸಿ ನಿಲ್ಲಿಸುವುದೂ ಆಗ ಸುಲಭ.

ಇಲ್ಲೊಂದು ಸಣ್ಣ ಗುಂಡಿಯಿದೆ, ಹಾರಿ ದಾಟಿ. ಚೌಕ ಯಾವ ಕಡೆಗೆ ಬೆಳೆಯಬೇಕು ಎಂಬುದನ್ನು ಅಡ್ಡ ಮತ್ತು ಉದ್ದ ಚಲನೆಯ ಧನ, ಋಣ ಚಿಹ್ನೆಗಳಿಂದ ಲೆಕ್ಕ ಹಾಕುತ್ತೀರಿ. ಕರ್ಸರ್ ಆರಂಭದ ಬಿಂದುವಿನ ನೇರಕ್ಕೇ ಬಂದ ಕ್ಷಣದಲ್ಲಿ ಒಂದು ಚಲನೆ ಸೊನ್ನೆಯಾಗುತ್ತದೆ, ಚಿಹ್ನೆಯೂ ಸೊನ್ನೆಯಾಗುತ್ತದೆ, ಚೌಕ ಒಂದು ಕ್ಷಣ ಗೆರೆಯಾಗಿ ಕುಸಿದು ಮಿನುಗುತ್ತದೆ. ಸೊನ್ನೆ ಬಂದಾಗ ಹಿಂದಿನ ಚಿಹ್ನೆಯನ್ನೇ ಉಳಿಸಿಕೊಳ್ಳಿ.

ಕೀಲಿಗಳ ವಿಷಯದಲ್ಲಿ ಲೋಕಕ್ಕೆ ಒಮ್ಮತವಿಲ್ಲ. ಇಲ್ಲಸ್ಟ್ರೇಟರ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಶಿಫ್ಟ್ ಒತ್ತಿದರೆ ಚೌಕ, ಆಲ್ಟ್ ಒತ್ತಿದರೆ ಕೇಂದ್ರದಿಂದ. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಒತ್ತಿದರೆ ಚೌಕ, ಶಿಫ್ಟ್ ಒತ್ತಿದರೆ ಕೇಂದ್ರದಿಂದ. ಇಂಕ್‌ಸ್ಕೇಪ್ ಕೂಡ ಕೋರೆಲ್‌ನ ದಾರಿಯಲ್ಲೇ ಇದೆ. ನಮ್ಮ ಕಡೆಯ ಫ್ಲೆಕ್ಸ್ ಅಂಗಡಿಗಳಲ್ಲಿ ಕೋರೆಲ್‌ಗೆ ಪಳಗಿದ ಕೈಗಳೇ ಹೆಚ್ಚು. ಅವರು ಇಲ್ಲಸ್ಟ್ರೇಟರ್ ಮುಂದೆ ಕೂತರೆ ಶಿಫ್ಟ್ ಒತ್ತಿ ಕೇಂದ್ರ ಕೇಳುತ್ತಾರೆ, ಅದು ಚೌಕ ಕೊಡುತ್ತದೆ. ಮಕ್ಕಳನ್ನು ಈ ಗೊಂದಲಕ್ಕೆ ತಳ್ಳಬೇಡಿ. ಮೂರು ಆಯಾಮದ ಮಾದರಿಗಳನ್ನು ಬಿಡಿಸುವ ಸ್ಕೆಚ್‌ಅಪ್‌ನಲ್ಲಿ ಒಂದು ಒಳ್ಳೆಯ ಉಪಾಯವಿದೆ: ಆಯತ ಎಳೆಯುತ್ತಿರುವಾಗ ಕರ್ಸರ್ ಚೌಕದ ಅಳತೆಯ ಹತ್ತಿರ ಬಂದರೆ ಕರ್ಣದಲ್ಲಿ ಚುಕ್ಕೆಗೆರೆ ಮೂಡಿ, ಇದು ಚೌಕ ಎಂದು ಪಕ್ಕದಲ್ಲೇ ಬರೆದು ತೋರಿಸುತ್ತದೆ. ಯಾವ ಕೀಲಿಯೂ ಬೇಡ. ನಿಮ್ಮ ಪರದೆಯಲ್ಲಿ "ಚೌಕ" ಎಂಬ ಪದ ಹಾಗೆ ಮೂಡಿದರೆ ಮಗು ಆಕೃತಿಯ ಹೆಸರನ್ನೂ ಕಲಿಯುತ್ತದೆ. ಕೀಲಿಗಳನ್ನು ಇಡುವುದಾದರೂ ಅವನ್ನು ಒತ್ತಿದ ಕ್ಷಣದಲ್ಲೇ ಆಕೃತಿ ಬದಲಾಗಲಿ, ಮೌಸ್ ಅಲುಗುವವರೆಗೆ ಕಾಯಿಸಬೇಡಿ.

ಕೀಲಿಗಳಲ್ಲಿ ನಾನು ಪಟ್ಟು ಹಿಡಿದು ಕೇಳುವುದು ಒಂದನ್ನೇ. ಇಲ್ಲಸ್ಟ್ರೇಟರ್‌ನಲ್ಲಿ ಎಳೆಯುವ ನಡುವೆಯೇ ಸ್ಪೇಸ್‌ಬಾರ್ ಒತ್ತಿದರೆ ಅರ್ಧ ಬಿಡಿಸಿದ ಆಕೃತಿ ಗಾತ್ರ ಬದಲಿಸದೆ ಕರ್ಸರ್ ಜೊತೆ ಸರಿಯುತ್ತದೆ, ಸ್ಪೇಸ್ ಬಿಟ್ಟರೆ ಮತ್ತೆ ಗಾತ್ರ ಬದಲಾಗತೊಡಗುತ್ತದೆ. ಆರಂಭದ ಬಿಂದು ಒಂದು ಕೂದಲೆಳೆ ಆಚೆ ಬಿತ್ತೆಂದು ಎಲ್ಲ ಅಳಿಸಿ ಮತ್ತೆ ಎಳೆಯುವ ಕಾಟವೇ ಇಲ್ಲ. ದಯವಿಟ್ಟು ಇದನ್ನು ಸೇರಿಸಿ.

ಈಗ ಸ್ನ್ಯಾಪ್, ಅಂದರೆ ಹತ್ತಿರದ ಬಿಂದು ಅಥವಾ ಗೆರೆಗೆ ಅಂಟಿಕೊಳ್ಳುವುದು. ಅಂಟುವ ದೂರವನ್ನು ಪರದೆಯ ಪಿಕ್ಸೆಲ್‌ಗಳಲ್ಲಿ ಇಡಿ, ಚಿತ್ರದ ಮಿಲಿಮೀಟರ್‌ಗಳಲ್ಲಿ ಬೇಡ. ಮಿಲಿಮೀಟರ್‌ನಲ್ಲಿಟ್ಟರೆ ಝೂಮ್ ಮಾಡಿ ಒಳಹೊಕ್ಕಾಗ ಪರದೆಯ ಅರ್ಧ ಭಾಗವೇ ಅಂಟಿನ ಬಲೆಯಾಗುತ್ತದೆ. ಸೂಕ್ಷ್ಮ ಕೆಲಸಕ್ಕೆಂದೇ ಝೂಮ್ ಮಾಡಿದವರಿಗೆ ಸೂಕ್ಷ್ಮತೆಯೇ ಸಿಗುವುದಿಲ್ಲ. ಅಂಟುವ ದೂರಕ್ಕಿಂತ ಬಿಡಿಸಿಕೊಳ್ಳುವ ದೂರ ಸ್ವಲ್ಪ ಹೆಚ್ಚಿರಲಿ. 6 ಪಿಕ್ಸೆಲ್ ಒಳಗೆ ಬಂದರೆ ಅಂಟಲಿ, 10 ದಾಟಿದರೆ ಬಿಡಲಿ. ಎರಡೂ ಒಂದೇ ಆದರೆ ಗಡಿಯಲ್ಲಿ ಆಕೃತಿ ಹಿಂದೆ ಮುಂದೆ ಜಿಗಿಯುತ್ತಲೇ ಇರುತ್ತದೆ. ಅಂಟಿದಾಗ ಕರ್ಸರನ್ನು ಕದಲಿಸಬೇಡಿ, ಅದು ಕೈಗೆ ಸೇರಿದ್ದು. ಅಂಟಿದ ಬಿಂದುವಿನಲ್ಲಿ ಒಂದು ಸಣ್ಣ ಗುರುತು ತೋರಿಸಿ.

ಏನು ಅಂಟಬೇಕು ಎಂಬುದರಲ್ಲಿ ಅನೇಕರು ಎಡವುತ್ತಾರೆ. ಆಯತದಲ್ಲಿ ಅಡ್ಡ ಅಂಚು ಒಂದು ಗೆರೆಗೂ ಉದ್ದ ಅಂಚು ಬೇರೊಂದು ಗೆರೆಗೂ ಅಂಟಬಹುದು, ಎರಡನ್ನೂ ಪ್ರತ್ಯೇಕವಾಗಿ ನೋಡಿ. ಕೇಂದ್ರದಿಂದ ಎಳೆಯುವ ವೃತ್ತದಲ್ಲಿ ಕರ್ಸರ್ ಓರೆಯಾಗಿ ಎಲ್ಲೋ ಇರುತ್ತದೆ, ಆದರೆ ಬೇಕಿರುವುದು ವೃತ್ತದ ಬಲತುದಿ ಚೌಕಟ್ಟಿಗೆ ತಾಗುವುದು. ಅಲ್ಲಿ ಕರ್ಸರನ್ನು ಮಾತ್ರ ಪರೀಕ್ಷಿಸಿದರೆ ಸಾಲದು. ಮೇಲೆ, ಕೆಳಗೆ, ಎಡ, ಬಲದ ನಾಲ್ಕು ತುದಿಗಳನ್ನೂ ಪರೀಕ್ಷಿಸಿ ತ್ರಿಜ್ಯವನ್ನು ಅಂಟಿಸಿ. ಮೇಲೆ ಹೇಳಿದ ಹುಡುಗಿಗೆ ಬೇಕಿದ್ದುದು ಇದೇ.

ಕರ್ಸರ್ ಎಷ್ಟು ಜಾಣವಾದರೂ ನಿಖರವಾದ ಅಳತೆಯನ್ನು ಕೊಡುವುದು ಸಂಖ್ಯೆಯೇ. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿಯಾಗಿ, ಅಂಗಡಿ ಮುಂಗಟ್ಟುಗಳ ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮ ಬಂದಿದೆ. 10 ಅಡಿ ಅಗಲ, 4 ಅಡಿ ಎತ್ತರದ ಬೋರ್ಡಾದರೆ ಕನ್ನಡದ ಪಟ್ಟಿ ಪೂರ್ತಿ ಅಗಲಕ್ಕೆ 2.4 ಅಡಿ, ಅಂದರೆ 2 ಅಡಿ 4.8 ಅಂಗುಲ ಎತ್ತರ ಬರಬೇಕು. ಇದನ್ನು ಕಣ್ಣಂದಾಜಿನಲ್ಲಿ ಎಳೆದು ಪಡೆಯಲು ಸಾಧ್ಯವಿಲ್ಲ. ಆಟೋಕ್ಯಾಡ್ ಬಳಸುವವರಿಗೆ ಒಂದು ಸೊಗಸಾದ ರೂಢಿಯಿದೆ: ಕರ್ಸರನ್ನು ಬೇಕಾದ ದಿಕ್ಕಿಗೆ ತೋರಿಸಿ, ಉದ್ದವನ್ನು ಕೀಲಿಮಣೆಯಲ್ಲಿ ಒತ್ತುತ್ತಾರೆ. ದಿಕ್ಕು ಕೈಯದು, ಅಳತೆ ಸಂಖ್ಯೆಯದು. ನಿಮ್ಮಲ್ಲೂ ಎಳೆಯುತ್ತಿರುವಾಗ ಅಗಲ ಮತ್ತು ಎತ್ತರ ಕರ್ಸರ್‌ನ ಪಕ್ಕದಲ್ಲೇ ಕಾಣಲಿ, ಪರದೆಯ ಮೂಲೆಯ ಪಟ್ಟಿಯಲ್ಲಲ್ಲ. ಆ ಹೊತ್ತಿನಲ್ಲಿ ಸಂಖ್ಯೆ ಒತ್ತಿದರೆ ಅದನ್ನೇ ಅಳತೆಯಾಗಿ ತೆಗೆದುಕೊಂಡು, ಕರ್ಸರ್ ಇರುವ ಕಡೆಗೇ ಆಕೃತಿ ಬೆಳೆಯಲಿ. "ತ್ರಿಜ್ಯ 3.5 ಸೆಂ.ಮೀ. ಇರುವ ವೃತ್ತ ರಚಿಸಿ" ಎಂಬ ಲೆಕ್ಕವನ್ನು ಮಕ್ಕಳು ಹೀಗೆ ಎರಡು ಕ್ಷಣದಲ್ಲಿ ಮಾಡುತ್ತಾರೆ.

ಬರೆಯುವಾಗ ಗಮನಿಸಬೇಕಾದ ಕೆಲವು ವಿಷಯಗಳನ್ನು ಬೇಗ ಹೇಳುತ್ತೇನೆ. ಒತ್ತಿದ ಬಿಂದು ಮತ್ತು ಈಗಿನ ಬಿಂದು, ಇವೆರಡನ್ನು ಮಾತ್ರ ನೆನಪಿಟ್ಟುಕೊಂಡು ಪ್ರತಿ ಸಲವೂ ಆಕೃತಿಯನ್ನು ಹೊಸದಾಗಿ ಲೆಕ್ಕ ಹಾಕಿ. ಹಿಂದಿನ ಗಾತ್ರಕ್ಕೆ ಚೂರುಚೂರು ಚಲನೆಯನ್ನು ಕೂಡಿಸುತ್ತ ಹೋದರೆ ಸ್ನ್ಯಾಪ್ ಮತ್ತು ದಶಮಾಂಶದ ದೋಷಗಳು ಸೇರಿ ಅಂಚು ಕರ್ಸರ್‌ನಿಂದ ನಿಧಾನವಾಗಿ ಜಾರುತ್ತದೆ. ಒತ್ತಿದ ಬಿಂದುವನ್ನು ಪರದೆಯ ಅಳತೆಯಲ್ಲಿಡದೆ ಚಿತ್ರದ ಅಳತೆಗೆ ಬದಲಿಸಿ ಇಡಿ. ಆಗ ಎಳೆಯುವ ನಡುವೆ ಝೂಮ್ ಮಾಡಿದರೂ ಪುಟ ಸರಿಸಿದರೂ ಅದು ಇದ್ದಲ್ಲೇ ಇರುತ್ತದೆ. ಬಲದಿಂದ ಎಡಕ್ಕೆ, ಕೆಳಗಿನಿಂದ ಮೇಲಕ್ಕೆ ಎಳೆಯುವವರೂ ಇದ್ದಾರೆ. ಬ್ರೌಸರ್‌ಗಳು ತೋರಿಸುವ ರೇಖಾಚಿತ್ರದ ಮಾದರಿಯಾದ ಎಸ್‌ವಿಜಿಯಲ್ಲಿ ಆಯತದ ಅಗಲ ಋಣ ಸಂಖ್ಯೆಯಾದರೆ ಅದು ದೋಷವೆಂದೇ ಲೆಕ್ಕ, ಆಯತ ಕಾಣುವುದೇ ಇಲ್ಲ. ಆದ್ದರಿಂದ ಚಿಕ್ಕ ನಿರ್ದೇಶಾಂಕವನ್ನು ಆರಂಭವೆಂದು ಹಿಡಿದು ವ್ಯತ್ಯಾಸದ ಧನಮೌಲ್ಯವನ್ನು ಅಗಲವಾಗಿ ಕೊಡಿ. ಎಳೆದ ದಿಕ್ಕಿನ ಕುರುಹು ಆಯತದಲ್ಲಿ ಉಳಿಯಬಾರದು, ಬಾಣದ ಗೆರೆಯಲ್ಲಿ ಉಳಿಯಬೇಕು. ಕರ್ಸರ್ ಕಿಟಕಿಯ ಹೊರಗೆ ಹೋದಾಗ ಎಳೆತ ಕಡಿದುಹೋಗದಂತೆ ಬ್ರೌಸರ್‌ನ ಪಾಯಿಂಟರ್ ಕ್ಯಾಪ್ಚರ್ ಬಳಸಿ. ಎಸ್ಕೇಪ್ ಒತ್ತಿದರೆ ಏನೂ ಬಿಡಿಸದಂತೆ ಹಿಂದಕ್ಕೆ ಹೋಗಲಿ.

ಒತ್ತುವಾಗ ಕೈ ಕೊಂಚ ಅಲುಗುವುದು ಸಹಜ. ನಾಲ್ಕೈದು ಪಿಕ್ಸೆಲ್ ಸರಿಯುವವರೆಗೆ ಅದನ್ನು ಎಳೆತವೆಂದು ಭಾವಿಸಬೇಡಿ, ಇಲ್ಲವಾದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಆಯತಗಳು ಚಿತ್ರದ ತುಂಬ ಬೀಳುತ್ತವೆ. ಲೇಸರ್ ಯಂತ್ರಕ್ಕೆ ಕಡತ ಕಳಿಸುವವರಿಗೆ ಅವು ಎಷ್ಟು ಕಾಟ ಕೊಡುತ್ತವೆ ಎಂದು ಚೆನ್ನಾಗಿ ಗೊತ್ತು: ಯಂತ್ರ ಅವನ್ನೂ ಹುಡುಕಿಕೊಂಡು ಹೋಗಿ ಸುಟ್ಟು ಬರುತ್ತದೆ. ಆದರೆ ಎಳೆತವೆಂದು ಒಪ್ಪಿಕೊಂಡ ಮೇಲೆ ಆಕೃತಿ ಶುರುವಾಗಬೇಕಾದ್ದು ಮೊದಲು ಒತ್ತಿದ ಬಿಂದುವಿನಿಂದಲೇ, ಆ ನಾಲ್ಕು ಪಿಕ್ಸೆಲ್ ದಾಟಿದ ಜಾಗದಿಂದಲ್ಲ.

ಬಹುಭುಜಕ್ಕೆ ವೃತ್ತದ ಮಾತೇ ಸಲ್ಲುತ್ತದೆ. ಕೇಂದ್ರದಿಂದ ಎಳೆಯಲಿ, ಒಂದು ಶೃಂಗ ಕರ್ಸರ್‌ನ ಮೇಲಿರಲಿ, ಕರ್ಸರ್ ಸುತ್ತಿದರೆ ಆಕೃತಿಯೂ ತಿರುಗಲಿ. ಇಲ್ಲಸ್ಟ್ರೇಟರ್‌ನಲ್ಲಿ ಎಳೆಯುತ್ತಲೇ ಮೇಲಿನ ಮತ್ತು ಕೆಳಗಿನ ಬಾಣದ ಕೀಲಿಗಳಿಂದ ಬಾಹುಗಳ ಸಂಖ್ಯೆಯನ್ನು ಹೆಚ್ಚು ಕಡಿಮೆ ಮಾಡಬಹುದು. ಪಂಚಭುಜ ಷಡ್ಭುಜವಾಗುವುದನ್ನು ಕಣ್ಣೆದುರೇ ನೋಡುವುದು ಮಕ್ಕಳಿಗೆ ಹಬ್ಬ.

ಕರ್ಸರ್‌ನ ರೂಪ ನಡುವೆ ಬಿಡುವಿರುವ, + ಚಿಹ್ನೆಯಂಥ ಕೂಡುಗೆರೆಯಾಗಿರಲಿ. ಬಾಣದ ತುದಿ ಎಲ್ಲಿ ಮುಗಿಯುತ್ತದೆ ಎಂದು ಊಹಿಸಬೇಕಾಗುತ್ತದೆ, ಕೂಡುಗೆರೆಯಲ್ಲಿ ಬಿಂದು ನಿಚ್ಚಳ.

ಶಾಲೆಯಲ್ಲಿ ಟ್ಯಾಬ್ಲೆಟ್ ಇದ್ದರೆ ಮೇಲಿನದೆಲ್ಲ ಸ್ವಲ್ಪ ಬದಲಾಗುತ್ತದೆ. ಬೆರಳು ತಾನು ಮುಟ್ಟಿದ ಜಾಗವನ್ನೇ ಮುಚ್ಚುತ್ತದೆ, ಅಂಚು ಬೆರಳಿನ ಕೆಳಗಿದ್ದರೂ ಮಗುವಿಗೆ ಕಾಣುವುದಿಲ್ಲ. ಗೆರೆಯನ್ನು ಬೆರಳಿಗಿಂತ ಮೇಲೆ ಸರಿಸಿ ತೋರಿಸುವ ತಂತ್ರಾಂಶಗಳನ್ನು ನೋಡಿದ್ದೇನೆ, ನನಗೆ ಅದು ಒಗ್ಗುವುದಿಲ್ಲ, ಮುಟ್ಟಿದ್ದೊಂದು ಮೂಡಿದ್ದೊಂದು ಆಗುತ್ತದೆ. ಅಂಚು ಬೆರಳಿನ ಕೆಳಗೇ ಇರಲಿ, ಅಳತೆಯ ಸಂಖ್ಯೆಯನ್ನು ಬೆರಳಿನಿಂದ ಮೇಲಕ್ಕೆ, ಅಂಗೈ ಮುಚ್ಚದ ಕಡೆ ತೋರಿಸಿ. ಬೆರಳೆತ್ತಿದ ಮೇಲೆ ಕೇಂದ್ರದಲ್ಲೂ ಅಂಚಿನಲ್ಲೂ ದಪ್ಪನೆಯ ಹಿಡಿಗಳನ್ನು ಉಳಿಸಿದರೆ, ಎರಡನೆಯ ಎಳೆತದಲ್ಲಿ ಮಗು ಗಾತ್ರವನ್ನು ತಿದ್ದಿಕೊಳ್ಳಬಹುದು.